ತಪ್ಪು ಪುಸ್ತಕಗಳು ಬಂದ ವರ್ಷ

ಸುಮಿತ್ರಾಳ ತಂದೆ ತಿರುಮಲೇಶಯ್ಯ ಮೈಸೂರು ಬಿಟ್ಟು ಮುಂಬಯಿಗೆ ಬಂದದ್ದು ಒಂದು ತೈಲ ಕಂಪನಿಯ ಲೆಕ್ಕಪತ್ರದ ಕೆಲಸಕ್ಕೆ. ಚೆಂಬೂರಿನಲ್ಲಿ ಎರಡು ಕೋಣೆಯ ಮನೆ ಹಿಡಿದು, ಒಬ್ಬಳೇ ಮಗಳನ್ನು ಓದಿಸಿ, ಅವಳಿಗೊಂದು ನೌಕರಿ ಸಿಕ್ಕಿತು ಅನ್ನುವಷ್ಟರಲ್ಲಿ ಎದೆನೋವಿನಿಂದ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಉಳಿದದ್ದು ತಾಯಿ ಅಮ್ಮಣ್ಣಿ ಮತ್ತು ಸುಮಿತ್ರಾ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಕೊನೆಗೆ ಒಂದೇ ಪ್ರಶ್ನೆಗೆ ಬರುತ್ತಿದ್ದರು: ಮದುವೆಯಾದ ಮೇಲೆ ಅಮ್ಮ ಎಲ್ಲಿರುತ್ತಾರೆ? "ನನ್ನ ಜೊತೇಲೇ" ಎಂದು ಸುಮಿತ್ರಾ ಹೇಳಿದ ಮೇಲೆ ಅವರು ಮತ್ತೆ ಬರುತ್ತಿರಲಿಲ್ಲ. ಒಂದು ವಯಸ್ಸು ದಾಟಿದ ನಂತರ ನೋಡಲು ಬರುವವರೂ ನಿಂತರು. ಅಮ್ಮಣ್ಣಿ ಕೆಲವು ದಿನ ಅತ್ತರು, ಆಮೇಲೆ ಅಳುವುದನ್ನು ಬಿಟ್ಟು ಮಗಳ ಊಟದ ಡಬ್ಬಿಯ ಕಡೆ ಗಮನ ಕೊಟ್ಟರು.

ಸುಮಿತ್ರಾಳ ನೌಕರಿ ಇದ್ದದ್ದು ಪರೇಲಿನ ಜನವಿದ್ಯಾ ವಿದ್ಯಾಪೀಠದ ಗ್ರಂಥಾಲಯದಲ್ಲಿ. ಅದು ಅಂಚೆಯ ಮೂಲಕ ಪಾಠ ಕಳಿಸಿ ಪದವಿ ಕೊಡುವ ವಿದ್ಯಾಪೀಠ. ಮುಚ್ಚಿದ ಗಿರಣಿಯ ಕಾರ್ಮಿಕರು, ಬ್ಯಾಂಕಿನ ಜವಾನರು, ನರ್ಸುಗಳು, ಮದುವೆಯಾಗಿ ಅರ್ಧಕ್ಕೆ ಓದು ಬಿಟ್ಟ ಹೆಂಗಸರು, ಇಂಥವರೇ ಅದರ ವಿದ್ಯಾರ್ಥಿಗಳು. ಇವರಿಗೆ ಪರೇಲಿನವರೆಗೆ ಬಂದು ಪುಸ್ತಕ ಹುಡುಕುತ್ತ ಕೂರುವ ಪುರುಸೊತ್ತು ಎಲ್ಲಿಂದ ಬರಬೇಕು? ಅದಕ್ಕಾಗಿ ಉಪನಗರಗಳಲ್ಲಿ ಅಲ್ಲಲ್ಲಿ ಶಾಲೆಯ ಕೋಣೆಗಳನ್ನು ಬಾಡಿಗೆಗೆ ಹಿಡಿದು ಅಧ್ಯಯನ ಕೇಂದ್ರ ಅಂತ ಮಾಡಿದ್ದರು. ಒಂದು ಶನಿವಾರ ಅಲ್ಲಿ ಬಂದು ಬೇಕಾದ ಪುಸ್ತಕದ ಚೀಟಿ ಬರೆದು ಕೊಟ್ಟರೆ ಮುಂದಿನ ಶನಿವಾರ ಪುಸ್ತಕ ಬರುತ್ತಿತ್ತು. ಕಾಂದಿವಲಿ ಕೇಂದ್ರ ಸುಮಿತ್ರಾಳ ಪಾಲಿಗೆ ಬಂದಿತ್ತು. ವಾರದ ನಡುವೆ ಪರೇಲು, ಶನಿವಾರ ಕಾಂದಿವಲಿ. ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನ ಸೇತುವೆ ದಾಟಿ ಮೂರನೆಯ ಲೋಕಲ್. ಪುಸ್ತಕಗಳ ಎರಡು ಚೀಲ ಹೊತ್ತು ಪರೇಲಿನಿಂದ ಬರುತ್ತಿದ್ದವನು ಮುರಿಗೆಪ್ಪ, ಗೋಕಾಕದ ಕಡೆಯ ಜವಾನ. ಮಳೆಗಾಲದಲ್ಲಿ ತಾನು ನೆನೆದರೂ ಚೀಲಕ್ಕೆ ಪ್ಲಾಸ್ಟಿಕ್ ಹೊದಿಸಿಕೊಂಡೇ ಬರುತ್ತಿದ್ದ.

ಚೀಟಿಗಳದೇ ಮೊದಲಿನಿಂದ ಒಂದು ತಾಪತ್ರಯ. ಪ್ರತಿ ಪಾಠದ ಕೊನೆಗೆ ಓದಬೇಕಾದ ಪುಸ್ತಕಗಳ ಪಟ್ಟಿ ಅಚ್ಚಾಗುತ್ತಿತ್ತು. ಪಕ್ಕದಲ್ಲಿ ಗ್ರಂಥಾಲಯದ ಸಂಖ್ಯೆ. ಅಂಕಿ, ಚುಕ್ಕೆ, ಇಂಗ್ಲಿಷ್ ಅಕ್ಷರ, ಮತ್ತೆ ಅಂಕಿ, ಹೀಗೆ ರೈಲಿನ ಹಾಗೆ ಉದ್ದ. ಪಾಳಿ ಮುಗಿಸಿ ಬಂದವರು ಅದನ್ನು ನಕಲು ಮಾಡುವಾಗ ಒಂದು ಚುಕ್ಕೆ ಬಿಟ್ಟರೂ ಪುಸ್ತಕ ಬರುತ್ತಿರಲಿಲ್ಲ. ಹೆಸರು ಬರೆಯಿರಿ ಎಂದರೆ ಕೆಲವರ ಇಂಗ್ಲಿಷು ಪರೇಲಿನಲ್ಲಿ ಓದಲಾಗುತ್ತಿರಲಿಲ್ಲ. ಎಷ್ಟೋ ಶನಿವಾರ ಜನ ಬರಿಗೈಯಲ್ಲಿ ಹೋಗುವುದನ್ನು ಸುಮಿತ್ರಾ ನೋಡಿದ್ದಳು. ಅವರು ಜಗಳವಾಡಿದ್ದರೆ ವಾಸಿಯಿತ್ತು. ಹೆಚ್ಚಿನವರು "ಠೀಕ್ ಹೈ" ಎಂದು ತಮ್ಮದೇ ತಪ್ಪೆನ್ನುವಂತೆ ಎದ್ದು ಹೋಗುತ್ತಿದ್ದರು.

ಎಂಬತ್ತೇಳರಲ್ಲಿ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು. ಅದಕ್ಕೊಂದು ತಣ್ಣನೆಯ ಕೋಣೆ, ಒಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ವರ್ಷವಿಡೀ ಪುಸ್ತಕಗಳ ವಿವರಗಳನ್ನೆಲ್ಲ ಅದರೊಳಗೆ ತುಂಬಿದರು. ತುಂಬಿದ ಪ್ರತಿಯೊಂದು ಪುಸ್ತಕಕ್ಕೂ ಆ ಯಂತ್ರ ತಾನಾಗಿಯೇ ಒಂದು ಸಂಖ್ಯೆ ಕೊಡುತ್ತಿತ್ತು. ಬರೀ ಅಂಕಿ, ನಾಲ್ಕೋ ಐದೋ. ಆ ಅಂಕಿ ಒತ್ತಿದರೆ ಪುಸ್ತಕದ ಹೆಸರು, ಅದರ ಎಷ್ಟು ಪ್ರತಿ ಇವೆ, ಯಾವ ಕಪಾಟಿನಲ್ಲಿವೆ, ಎಲ್ಲ ತೆರೆಯ ಮೇಲೆ ಬರುತ್ತಿತ್ತು. ಸುಮಿತ್ರಾಳಿಗೆ ಇದನ್ನು ಕಂಡು ಜೀವ ಬಂದ ಹಾಗಾಯಿತು. ನೇರವಾಗಿ ಗ್ರಂಥಾಲಯದ ಮುಖ್ಯಸ್ಥರಾದ ದಾಮ್ಲೆಯವರ ಕೋಣೆಗೆ ಹೋಗಿ, ಇನ್ನು ಮುಂದೆ ಪಾಠದ ಪುಸ್ತಿಕೆಗಳಲ್ಲಿ ಈ ಸಣ್ಣ ಸಂಖ್ಯೆಯನ್ನೇ ಅಚ್ಚು ಮಾಡೋಣ, ಚೀಟಿಯಲ್ಲಿ ಅದೊಂದನ್ನೇ ಬರೆಸೋಣ ಎಂದಳು. ದಾಮ್ಲೆ ನಿವೃತ್ತಿಗೆ ಹತ್ತಿರವಾಗಿದ್ದ, ಮರಾಠಿಯವರ ರೂಢಿಯಂತೆ ಹೆಂಗಸರನ್ನೆಲ್ಲ 'ಬಾಯಿ' ಎಂದು ಕರೆಯುವ, ಯಾರಿಗೂ ಇಲ್ಲವೆನ್ನದ ಮನುಷ್ಯ. "ಅಹೋ ಬಾಯಿ, ಒಳ್ಳೇ ವಿಚಾರ" ಎಂದು ಸಹಿ ಹಾಕಿಬಿಟ್ಟರು. ಆ ಸಂಖ್ಯೆ ಎಂದೆಂದಿಗೂ ಹಾಗೇ ಇರುತ್ತದೆಯೇ ಎಂದು ಅವರೂ ಕೇಳಲಿಲ್ಲ, ಅವಳೂ ಯೋಚಿಸಲಿಲ್ಲ. ಯಂತ್ರ ಕೊಟ್ಟದ್ದು ಅಂದ ಮೇಲೆ ಗಟ್ಟಿ ಎಂದೇ ಎಲ್ಲರೂ ತಿಳಿದಿದ್ದ ಕಾಲ ಅದು.

ಮೊದಲ ವರ್ಷ ಕಾಂದಿವಲಿಯಲ್ಲಿ ಹಬ್ಬದಂತಿತ್ತು. ಬರೆದ ಚೀಟಿಗೆಲ್ಲ ಪುಸ್ತಕ ಬಂತು. ನಜಮುನ್ನೀಸಾ ಕೇಂದ್ರಕ್ಕೆ ಬರತೊಡಗಿದ್ದು ಆ ವರ್ಷವೇ.

ಅವಳ ಊರು ಬಿಜಾಪುರದ ಹತ್ತಿರ ಸಿಂದಗಿ. ಗಂಡ ಫಕ್ರುದ್ದೀನ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಮನೆಯಲ್ಲಿ ಅತ್ತೆ ತಾಜಬಿ, ಒಂದು ಹೆಣ್ಣುಮಗು. ಸಿಂದಗಿಯಲ್ಲಿ ಪಿಯುಸಿಯವರೆಗೆ ಓದಿದವಳು. ಹತ್ತಿರದ ಮುನಿಸಿಪಾಲಿಟಿಯ ಕನ್ನಡ ಶಾಲೆಯ ಹೆಡ್‌ಮಾಸ್ತರು ಯಾವುದೋ ಮಾತಿನಲ್ಲಿ, "ಬಿ.ಎ. ಮುಗಿಸು ತಾಯಿ, ಆಮೇಲೆ ಬಿ.ಎಡ್. ಮಾಡಿದರೆ ನಮ್ಮಲ್ಲೇ ಜಾಗವಿದೆ" ಎಂದಿದ್ದರಂತೆ. ಅದೊಂದು ಮಾತು ಹಿಡಿದುಕೊಂಡು ಅವಳು ಹೊರಟಿದ್ದಳು.

ಮೊದಲ ದಿನ ಮೇಜಿನ ಮುಂದೆ ನಿಂತು ಹಿಂದಿಯಲ್ಲಿ ತಡವರಿಸುತ್ತಿದ್ದವಳು, ಸುಮಿತ್ರಾ ಮುರಿಗೆಪ್ಪನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಕಣ್ಣರಳಿಸಿದಳು.

"ಅಯ್ಯ, ಅಕ್ಕೋರ, ನೀವು ಕನ್ನಡದೋರೇನ್ರಿ? ಇಷ್ಟೊತ್ತು ನನ್ನ ಬಾಯಾಗ ಹಿಂದಿ ತುರುಕಿದ್ರಲ್ಲ!"

ಅಕ್ಕೋರು ಅಂದರೆ ಆ ಕಡೆ ಪಾಠ ಹೇಳುವ ಹೆಂಗಸರು ಎಂದು ಮುರಿಗೆಪ್ಪ ಹೇಳಿದ ಮೇಲೆ ಸುಮಿತ್ರಾಳಿಗೆ ತಿಳಿಯಿತು. ತಾನು ಟೀಚರ್ ಅಲ್ಲ ಎಂದು ಒಂದೆರಡು ಸಲ ಹೇಳಿ ನೋಡಿದಳು. ನಜಮುನ್ನೀಸಾ ಬಿಡಲಿಲ್ಲ. "ಪುಸ್ತಕ ಕೊಡೋರೂ ಅಕ್ಕೋರ ಆಗ್ತಾರ್ರಿ" ಎಂದಳು.

ಅವಳ ಇಂಗ್ಲಿಷು ಅಷ್ಟಕ್ಕಷ್ಟೆ. ಅಂಚೆಯಲ್ಲಿ ಬರುತ್ತಿದ್ದ ಪಾಠಗಳ ಅಚ್ಚೂ ಅಷ್ಟಕ್ಕಷ್ಟೆ. ಪುಸ್ತಕ ಸಿಕ್ಕರೆ ಒಂದೊಂದು ಪುಟವನ್ನು ನಿಘಂಟು ಹಿಡಿದು ಬಿಡಿಸಿಕೊಂಡು ಓದುತ್ತಿದ್ದಳು. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯದೆ ಸಣ್ಣ ದಾರದ ಎಳೆ ಇಟ್ಟು ತರುತ್ತಿದ್ದಳು. ಜನ ಕಡಿಮೆಯಿದ್ದಾಗ ಸುಮಿತ್ರಾ ಆ ಎಳೆಗಳಿದ್ದ ಜಾಗ ತೆರೆದು ಕನ್ನಡದಲ್ಲಿ ಹೇಳಿಕೊಡುತ್ತಿದ್ದಳು. ಮೊದಲ ಎರಡು ವರ್ಷದ ಪರೀಕ್ಷೆ ನಜಮುನ್ನೀಸಾ ಒಂದಾದ ಮೇಲೊಂದು ದಾಟಿದಳು. ಫಲಿತಾಂಶ ಬಂದ ಶನಿವಾರ ಸ್ಟೀಲ್ ಡಬ್ಬಿಯಲ್ಲಿ ಗೋಧಿ ಬೆಲ್ಲದ ಮಾದಲಿ ಕಟ್ಟಿಕೊಂಡು ಬಂದಿದ್ದಳು. ಅಮ್ಮಣ್ಣಿ ಅದನ್ನು ತಿಂದು, "ಏಲಕ್ಕಿ ಸ್ವಲ್ಪ ಮುಂದಾಗಿದೆ, ಆದ್ರೂ ರುಚಿಯಾಗಿದೆ ಕಣೇ. ಒಂದ್ಸಲ ಕರ್ಕೊಂಡು ಬಾ ಆ ಹುಡುಗೀನ" ಎಂದರು. ಕರೆದುಕೊಂಡು ಬರುವುದು ಆಗಲಿಲ್ಲ.

ತೊಂಬತ್ತರ ಮೇ ತಿಂಗಳಲ್ಲಿ ಹಳೆಯ ಕಂಪ್ಯೂಟರ್ ತೆಗೆದು ಹೊಸದನ್ನು ತಂದರು. ಹಳೆಯದರಲ್ಲಿದ್ದ ವಿವರಗಳನ್ನೆಲ್ಲ ಹೊಸದಕ್ಕೆ ಸಾಗಿಸಿದರು. ಜೂನ್ ಕೊನೆಗೆ, ಅದಕ್ಕೂ ಮೊದಲೇ ಅಚ್ಚಾಗಿದ್ದ ಹೊಸ ವರ್ಷದ ಪುಸ್ತಿಕೆಗಳು, ಪಟ್ಟಿಯೂ ಸಂಖ್ಯೆಯೂ ಸೇರಿ, ಅಂಚೆಯಲ್ಲಿ ಹೋದವು.

ಜುಲೈಯ ಒಂದು ಶನಿವಾರ ಮುರಿಗೆಪ್ಪ ಚೀಲ ಬಿಚ್ಚಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟ. ನಜಮುನ್ನೀಸಾ ತನ್ನ ಚೀಟಿ ಸಿಕ್ಕಿಸಿದ್ದ ಪುಸ್ತಕ ತೆಗೆದುಕೊಂಡು, ಹಾಳೆ ಮಗುಚಿ, ಅಲ್ಲೇ ನಿಂತಳು.

"ಅಕ್ಕೋರ, ಇದು ದನದ ರೋಗದ್ದಲ್ರಿ?"

ಹೌದು. ಭಾರತದ ಆರ್ಥಿಕ ಸ್ಥಿತಿಯ ಬಗ್ಗೆ ಕೇಳಿದವಳಿಗೆ ಪಶುವೈದ್ಯದ ಪುಸ್ತಕ ಬಂದಿತ್ತು. ಹಿಂದೆ ನಿಂತಿದ್ದವರು ನಕ್ಕರು. ಅವಳೂ ನಕ್ಕಳು. ಆದರೆ ಅವರವರ ಕೈಗೆ ಪುಸ್ತಕ ಬಂದಂತೆ ಒಬ್ಬೊಬ್ಬರ ನಗೆಯೂ ನಿಂತಿತು. ಯಾರಿಗೂ ಕೇಳಿದ್ದು ಬಂದಿರಲಿಲ್ಲ.

ಸುಮಿತ್ರಾಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ತೀರಿಸಿಕೊಳ್ಳಲು ಎದುರಿಗಿದ್ದವನು ಮುರಿಗೆಪ್ಪ.

"ಚೀಟಿಗಳನ್ನ ಕಲಸಿಹಾಕಿದೀಯಲ್ಲ ಮುರಿಗೆಪ್ಪ? ಇಷ್ಟು ವರ್ಷ ಆದ್ಮೇಲೂ ನಿನಗೆ ಹೇಳಿಕೊಡಬೇಕೇನು? ಇವರೆಲ್ಲ ಎಷ್ಟು ದೂರದಿಂದ ಬರ್ತಾರೆ ಗೊತ್ತಿಲ್ವಾ ನಿನಗೆ?"

"ಬಾಯಾರ, ನಾ ಯಾಕ ಕಲಸ್ಲಿರಿ? ಅಲ್ಲಿ ಹೆಂಗ ಕೊಟ್ರೋ ಹಂಗ ತಂದೀನಿ."

"ಸುಮ್ನಿರು, ಎದುರುತ್ತರ ಬೇರೆ!"

ಮುರಿಗೆಪ್ಪ ಖಾಲಿ ಚೀಲವನ್ನು ಮಡಿಚಿ, ಕಿಟಕಿಯ ಕಡೆ ತಿರುಗಿ ಕೂತ. ಅಷ್ಟು ಜನರ ಮುಂದೆ ಅವನಿಗೆ ಯಾರೂ ಹಾಗೆ ಅಂದಿರಲಿಲ್ಲ.

ಸೋಮವಾರ ಸುಮಿತ್ರಾ ಚಪ್ಪಲಿ ಬಿಟ್ಟು ತಣ್ಣನೆಯ ಕೋಣೆಗೆ ಹೋಗಿ ಪಟ್ಟಿಯ ಮೊದಲ ಸಂಖ್ಯೆ ಒತ್ತಿದಳು. ಬೇರೆ ಪುಸ್ತಕ ಬಂತು. ಎರಡನೆಯದು, ಅದೂ ಬೇರೆ. ಹತ್ತಾರು ಒತ್ತಿ ನೋಡಿದಳು, ಒಂದೂ ಸರಿಯಿರಲಿಲ್ಲ. ಯಂತ್ರ ನೋಡಿಕೊಳ್ಳುವವನು ಸಹಜವಾಗಿ ವಿವರಿಸಿದ. ಕಳೆದುಹೋದ, ಹರಿದುಹೋದ ಪುಸ್ತಕಗಳ ವಿವರ ಹಳೆಯ ಯಂತ್ರದಲ್ಲಿ ಅಳಿಸಿದ್ದರು. ಹೊಸದಕ್ಕೆ ಸಾಗಿಸುವಾಗ ಆ ಖಾಲಿ ಜಾಗಗಳು ಮುಚ್ಚಿಹೋದವು. ರೇಷನ್ ಅಂಗಡಿಯ ಸಾಲಿನಲ್ಲಿ ಒಬ್ಬ ಬಿಟ್ಟುಹೋದರೆ ಹಿಂದಿನವರೆಲ್ಲ ಒಂದು ಹೆಜ್ಜೆ ಮುಂದೆ ಬರುವುದಿಲ್ಲವೇ, ಹಾಗೆ. ಸಂಖ್ಯೆ ಪುಸ್ತಕದ್ದಾಗಿರಲಿಲ್ಲ, ಸಾಲಿನಲ್ಲಿ ಅದು ನಿಂತಿದ್ದ ಜಾಗದ್ದಾಗಿತ್ತು.

"ಅದು ನಮ್ಮ ಒಳಗಿನ ನಂಬರ್ ಮೇಡಂ" ಎಂದ ಅವನು. "ಅದನ್ನ ಯಾರಾದ್ರೂ ಹೊರಗೆ ಛಾಪಿಸ್ತಾರಾ?"

ಸುಮಿತ್ರಾ ಚಪ್ಪಲಿ ಮೆಟ್ಟಿಕೊಂಡು ಹೊರಬಂದಳು. ಮಹಡಿ ಇಳಿದು ಮುರಿಗೆಪ್ಪನನ್ನು ಹುಡುಕಿಕೊಂಡು ಹೋದಳು. ಅವನು ಅಂಚೆ ಚೀಲಗಳನ್ನು ಕಟ್ಟುತ್ತಿದ್ದ.

"ಮುರಿಗೆಪ್ಪ, ತಪ್ಪು ನಿನ್ನದಲ್ಲಪ್ಪ. ನಂದು. ನಾನು ಹಾಗೆ ಮಾತಾಡಬಾರದಿತ್ತು."

ಅವನು ಹಗ್ಗದ ಗಂಟು ಬಿಗಿಯುತ್ತಲೇ, "ಇರ್ಲಿ ಬಿಡ್ರಿ ಬಾಯಾರ" ಎಂದ. ಅಷ್ಟೆ. ಆಮೇಲೂ ಚೀಲ ತಂದ, ಪ್ಲಾಸ್ಟಿಕ್ ಹೊದಿಸಿಯೇ ತಂದ. ಆದರೆ ಮೊದಲಿನ ಹಾಗೆ ಊರಿನ ಸುದ್ದಿ ಹೇಳುತ್ತ ಕೂರುವುದನ್ನು ಬಿಟ್ಟ.

ದಾಮ್ಲೆ ಕೇಳಿ ತಲೆಯ ಮೇಲೆ ಕೈ ಹೊತ್ತರು. ಪುಸ್ತಿಕೆಗಳು ಅಂಚೆಯಲ್ಲಿ ಹೋಗಿಯಾಗಿದೆ, ವಾಪಸು ತರಿಸುವ ಹಾಗಿಲ್ಲ. ತಿದ್ದುಪಡಿಯ ಹಾಳೆಯೊಂದನ್ನು ಮಾಡಿ ಕೇಂದ್ರಗಳಲ್ಲಿ ಹಂಚಿರಿ ಎಂದರು. ಸುಮಿತ್ರಾ ಒಬ್ಬಳೇ ಕೂತು ಪ್ರತಿ ಪುಸ್ತಕವನ್ನೂ ಹೊಸ ಯಂತ್ರದಲ್ಲಿ ಹುಡುಕಿ, ಹೊಸ ಸಂಖ್ಯೆ ಬರೆದುಕೊಂಡು, ಸೈಕ್ಲೊಸ್ಟೈಲ್ ಮಾಡಿಸುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಅಲ್ಲಿಯವರೆಗೆ ಜನ ಪುಸ್ತಕದ ಹೆಸರು ಬರೆದು ಕೊಡುತ್ತಿದ್ದರು, ಅರ್ಧಕ್ಕರ್ಧ ಬರುತ್ತಿತ್ತು. ಒಂದು ತಪ್ಪು ಪುಸ್ತಕವೆಂದರೆ ಎರಡು ವಾರ ಹೋಯಿತೆಂದೇ ಲೆಕ್ಕ. ಕೆಲವರು ಬರುವುದನ್ನೇ ಬಿಟ್ಟರು.

ನಜಮುನ್ನೀಸಾ ಬಿಡಲಿಲ್ಲ. ಅದು ಅವಳ ಕೊನೆಯ ವರ್ಷ. ತಿದ್ದುಪಡಿಯ ಹಾಳೆ ಕೊಟ್ಟ ದಿನ ಸುಮಿತ್ರಾ ಅವಳನ್ನು ಹತ್ತಿರ ಕೂರಿಸಿಕೊಂಡು, ಅವಳ ಪುಸ್ತಿಕೆಯಲ್ಲಿ ಹಳೆಯ ಸಂಖ್ಯೆಗಳನ್ನು ಹೊಡೆದುಹಾಕಿ ಹೊಸವನ್ನು ಕೆಂಪು ಶಾಯಿಯಲ್ಲಿ ತಾನೇ ಬರೆದುಕೊಟ್ಟಳು.

"ಇನ್ನು ಧೈರ್ಯವಾಗಿ ಬರೆದು ಹಾಕಿ. ನಾನೇ ಒಂದೊಂದನ್ನೂ ನೋಡಿದೀನಿ."

"ನೀವು ನೋಡಿದ್ರ ಸಾಕ್ರಿ" ಎಂದಳು ನಜಮುನ್ನೀಸಾ. "ನಮ್ಮತ್ತಿ ದಿನಾ ಅಂತಾಳ, ಪುಸ್ತಕಾನೂ ಇಲ್ಲ ಏನೂ ಇಲ್ಲ, ಸುಮ್ನ ತಿರಗಾಕ ಹೋಗ್ತಿ ಅಂತ. ಈ ಸಲ ಪಾಸಾಗಿ ತೋರಸ್ತೇನ್ರಿ."

ಡಿಸೆಂಬರಿನಲ್ಲಿ ಅಮ್ಮಣ್ಣಿ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಸುಮಿತ್ರಾ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಳು, ಆಮೇಲೆ ಮನೆಯಲ್ಲಿ ಕೂತಳು. ತಾಯಿಯನ್ನು ಮಗ್ಗುಲಿಗೆ ಹೊರಳಿಸುವುದು, ತೊಳೆಯುವುದು, ಊಟ ಮಾಡಿಸುವುದು ಇದರಲ್ಲೇ ದಿನಗಳು ಹೋದವು. ಅಮ್ಮಣ್ಣಿ ನೋವು ತಿನ್ನುತ್ತ ಒಮ್ಮೊಮ್ಮೆ, "ನನ್ನಿಂದ ನಿನ್ನ ಬಾಳು ಹೀಗಾಯ್ತು" ಎನ್ನುತ್ತಿದ್ದರು. ಸುಮಿತ್ರಾ ದಿಂಬು ಸರಿಪಡಿಸಿ ಬೇರೆ ಮಾತು ತೆಗೆಯುತ್ತಿದ್ದಳು. ಆ ದಿನಗಳಲ್ಲಿ ಕಾಂದಿವಲಿಯ ನೆನಪು ಬಂದರೂ ಮನಸ್ಸಿಗೆ ಒಂದು ಸಮಾಧಾನವಿತ್ತು. ಪಟ್ಟಿ ಸರಿಯಾಗಿದೆಯಲ್ಲ, ತಾನಿಲ್ಲದಿದ್ದರೂ ನಡೆಯುತ್ತದೆ ಎಂದುಕೊಂಡಿದ್ದಳು.

ಫೆಬ್ರವರಿ ಕೊನೆಗೆ ಕೆಲಸಕ್ಕೆ ಮರಳಿದಾಗ ತಿಳಿದ ವಿಷಯವಿದು. ಡಿಸೆಂಬರಿನಲ್ಲೇ ಹೊಸ ಯಂತ್ರ ಒಂದು ಸಲ ಕೆಟ್ಟು ನಿಂತಿತ್ತು. ಎಲ್ಲವನ್ನೂ ಹಳೆಯ ನಕಲಿನಿಂದ ಮತ್ತೆ ತುಂಬಿದ್ದರು. ಸಂಖ್ಯೆಗಳು ಮತ್ತೊಮ್ಮೆ ಸರಿದಿದ್ದವು. ತಿದ್ದುಪಡಿಯ ಹಾಳೆಯೂ ಸುಳ್ಳಾಗಿತ್ತು. ಅವಳ ಜಾಗದಲ್ಲಿ ಕೂತವರು, ಬಂದ ಪುಸ್ತಕ ಕೊಟ್ಟು ಸಹಿ ತೆಗೆದುಕೊಂಡು ಸುಮ್ಮನಿದ್ದರು.

ಆ ಶನಿವಾರ ನಜಮುನ್ನೀಸಾ ಬಂದಳು. ಸೊರಗಿದ್ದಳು. ಪುಸ್ತಿಕೆ ತೆರೆದು ಕೆಂಪು ಶಾಯಿಯ ಅಂಕಿಗಳ ಮೇಲೆ ಬೆರಳಿಟ್ಟಳು.

"ಇದು ಬರದ್ಹಾಕಿದ್ರ ಅಡಿಗಿ ಪುಸ್ತಕ ಬಂತ್ರಿ. ಇದಕ್ಕ ಮರಾಠಿ ನಾಟಕ. ನಾನಽ ಅಂಕಿ ತಪ್ಪಿ ಬರದೆ ಅಂತ ಮತ್ತೊಮ್ಮೆ ಬರದೆ. ಮತ್ತ ಅದಽ ಬಂತು." ಬೆರಳು ಅಲ್ಲೇ ಇಟ್ಟು, "ನೀವಽ ಬರದು ಕೊಟ್ಟಿದ್ರಲ್ಲಾ, ಅದಕ್ಕ ನಾ ಪುಸ್ತಕದ ಹೆಸರು ಬರೀಲಿಲ್ರಿ" ಎಂದಳು.

ದೂರಿನ ಧ್ವನಿಯಲ್ಲ ಅದು. ಏನಾಯಿತೆಂದು ಹೇಳುತ್ತಿದ್ದಳು ಅಷ್ಟೆ. ಸುಮಿತ್ರಾ ಪುಸ್ತಿಕೆಯನ್ನು ತನ್ನ ಕಡೆಗೆ ಎಳೆದುಕೊಂಡಳು. "ತಪ್ಪಾಯ್ತು ನಜಮುನ್ನೀಸಾ. ಪುಸ್ತಕ ನಾನೇ ತರ್ತೀನಿ" ಎಂದಳು.

ಪರೇಲಿಗೆ ಹೋಗಿ ನೋಡಿದರೆ ಅರ್ಥಶಾಸ್ತ್ರದ ಪ್ರತಿಗಳೆಲ್ಲ ಪರೀಕ್ಷೆಯ ಕಾಲವೆಂದು ಹೊರಗೆ ಹೋಗಿದ್ದವು. ದಿನಾ ಸಂಜೆ ವಾಪಸು ಬಂದ ಪುಸ್ತಕಗಳ ಗಾಡಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕೊನೆಗೊಂದು ಪ್ರತಿ ಸಿಕ್ಕಿತು. ಶನಿವಾರದವರೆಗೂ ಕಾಯದೆ ಅಂದಿನ ಕೆಲಸ ಮುಗಿಸಿದವಳೇ ಕಾಂದಿವಲಿಗೆ ಹೋದಳು. ಫಕ್ರುದ್ದೀನನ ಕಾರ್ಖಾನೆ ವಿಚಾರಿಸಿಕೊಂಡು ಹೋಗಿ, ಗೇಟಿನಲ್ಲಿ ಅವನ ಕೈಗೆ ಪುಸ್ತಕ ಕೊಟ್ಟು ಬಂದಳು. ಪರೀಕ್ಷೆಗೆ ವಾರವೂ ಉಳಿದಿರಲಿಲ್ಲ. ನಿಘಂಟು ಹಿಡಿದು ಓದುವವಳಿಗೆ ಅದು ಎಲ್ಲಿಗೆ ಸಾಕು?

ಜೂನಿನಲ್ಲಿ ಫಲಿತಾಂಶ ಬಂತು. ಇತಿಹಾಸದ ಪತ್ರಿಕೆಗಳಲ್ಲಿ ನಜಮುನ್ನೀಸಾ ಪಾಸಾಗಿದ್ದಳು. ಅರ್ಥಶಾಸ್ತ್ರದಲ್ಲಿ ಹೋಗಿತ್ತು. ಅಕ್ಟೋಬರಿನಲ್ಲಿ ಮತ್ತೆ ಕೂರಬಹುದಿತ್ತು. ಸುಮಿತ್ರಾ ಅವಳು ಬರುತ್ತಾಳೆಂದು ಆ ಪುಸ್ತಕದ ಒಂದು ಪ್ರತಿಯನ್ನು ತನ್ನ ಡ್ರಾಯರಿನಲ್ಲೇ ತೆಗೆದಿಟ್ಟಳು. ಶನಿವಾರಗಳು ಕಳೆದವು. ಅವಳು ಬರಲಿಲ್ಲ.

ಕೊನೆಗೆ ಜುಲೈಯ ಒಂದು ಮಧ್ಯಾಹ್ನ ಪುಸ್ತಕ ಹಿಡಿದು ಅವಳ ಮನೆಗೇ ಹೊರಟಳು. ಎಸ್ಟೇಟಿನ ಹಿಂದೆ ಪೊಯಿಸರ್ ಹೊಳೆಯ ಕಡೆಗೆ ಒಂದು ಚಾಳು. ಮಳೆಯ ನೀರು ಹೊಸ್ತಿಲವರೆಗೆ ಬಂದಿತ್ತು. ನಜಮುನ್ನೀಸಾ ಬಾಗಿಲ ಬೆಳಕಿಗೆ ಕೂತು ಷರ್ಟುಗಳಿಗೆ ಗುಂಡಿ ಹಚ್ಚುತ್ತಿದ್ದಳು. ಪಕ್ಕದಲ್ಲಿ ಷರ್ಟಿನ ರಾಶಿ. ಒಳಗೆ ಮಂಚದ ಮೇಲೆ ತಾಜಬಿ ಮಲಗಿದ್ದರು, ಬಾಯಿ ಒಂದು ಕಡೆ ವಾಲಿತ್ತು.

"ಅಯ್ಯೋ ಅಕ್ಕೋರ, ಬರ್ರಿ ಬರ್ರಿ! ಇಂಥಾ ಮಳ್ಯಾಗ?" ಎಂದು ಎದ್ದು, ಸೆರಗಿನಿಂದ ಸ್ಟೂಲು ಒರೆಸಿ ಕೂರಿಸಿದಳು. ಮೇ ತಿಂಗಳಲ್ಲಿ ಅತ್ತೆಗೆ ಲಕ್ವ ಹೊಡೆಯಿತೆಂದು ಹೇಳಿದಳು. ಒಂದು ಕೈ, ಒಂದು ಕಾಲು ಸ್ವಾಧೀನವಿಲ್ಲ. ಮಾತೂ ಹೋಗಿದೆ. ಮನೆ ಬಿಟ್ಟು ಅಲ್ಲಾಡುವ ಹಾಗಿಲ್ಲ.

ಸುಮಿತ್ರಾ ಪುಸ್ತಕ ಮುಂದಿಟ್ಟಳು. "ಒಂದೇ ಪೇಪರ್ ಉಳಿದಿರೋದು. ಅಕ್ಟೋಬರ್‌ಗೆ ಕೂತ್ಕೊಳಿ. ಎಷ್ಟು ದಿನ ಬೇಕಾದ್ರೂ ಇಟ್ಕೊಳಿ ಇದನ್ನ, ನನ್ನ ಹೆಸರಲ್ಲಿ ತಂದಿದೀನಿ. ಬೇಕಾದ್ರೆ ನಾನೇ ಇಲ್ಲಿಗೆ ಬಂದು ಹೇಳಿಕೊಡ್ತೀನಿ."

ನಜಮುನ್ನೀಸಾ ಪುಸ್ತಕವನ್ನು ಮುಟ್ಟಿದಳು, ತೆರೆಯಲಿಲ್ಲ.

"ಬ್ಯಾಡ್ರಿ ಅಕ್ಕೋರ. ಓದಾಕ ಕುಂತ್ರ ಇವ್ರನ್ನ ಯಾರು ನೋಡ್ತಾರ? ರಾತ್ರಿ ನಾಕ್ ಸಲ ಏಳ್ಬೇಕಾಗ್ತದ. ಬೆಳಗಾದ್ರ ಈ ರಾಶಿ."

"ಆಗ, ಆ ಚಳಿಗಾಲದಲ್ಲೇ ಪುಸ್ತಕ ಸಿಕ್ಕಿದ್ದರೆ…" ಎಂದಳು ಸುಮಿತ್ರಾ.

ನಜಮುನ್ನೀಸಾ ಸೂಜಿಗೆ ದಾರ ಪೋಣಿಸಿದಳು. ನೀವೇನು ಮಾಡುತ್ತೀರಿ, ನನ್ನ ಹಣೆಬರಹ ಎಂದು ಅವಳು ಅನ್ನಬಹುದು ಎಂದು ಸುಮಿತ್ರಾ ಕಾದಳು. ಹಾಗೆ ಅಂದಿದ್ದರೆ ಅವಳ ಜೀವಕ್ಕೆ ಸ್ವಲ್ಪ ಹಗುರವಾಗುತ್ತಿತ್ತೇನೋ.

"ಹೌದ್ರಿ" ಎಂದಳು ನಜಮುನ್ನೀಸಾ. "ಸಿಕ್ಕಿದ್ರ ಪಾಸಾಗ್ತಿದ್ದೆ. ಅತ್ತಿ ಬೀಳೂದರಾಗ ಒಂದು ದಡಾ ಮುಟ್ಟಿರತಿತ್ತು."

ಅದನ್ನು ಅವಳು ಕೋಪದಿಂದ ಹೇಳಲಿಲ್ಲ. ಹೇಳಿ, ಸ್ಟವ್ ಹಚ್ಚಿ ಚಹಾಕ್ಕಿಟ್ಟಳು. ಸುಮಿತ್ರಾ ಚಹಾ ಕುಡಿದಳು, ತಾಜಬಿಯ ಕೈ ಹಿಡಿದು ಮಾತಾಡಿಸಿದಳು. ಹೊರಡುವಾಗ ನಜಮುನ್ನೀಸಾ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ವಾಪಸು ಅವಳ ಕೈಗೇ ಕೊಟ್ಟಳು. "ಯಾರರೇ ಓದೋರಿಗೆ ಆಗ್ತದ್ರಿ."

ಮನೆಗೆ ಬಂದಾಗ ಅಮ್ಮಣ್ಣಿ ವಾಕರ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಮಗಳ ಮುಖ ನೋಡಿ ಏನಾಯಿತೆಂದು ಕೇಳಿದರು. ಸುಮಿತ್ರಾ ಹೇಳಿದಳು. "ಲಕ್ವ ಹೊಡೆದದ್ದಕ್ಕೆ ನೀನೇನು ಮಾಡ್ತೀಯೇ?" ಎಂದರು ಅಮ್ಮಣ್ಣಿ.

"ಅದಕ್ಕಲ್ಲಮ್ಮ."

"ನಾನು ಬಿದ್ದು ನಿನ್ನ ಸಮಯ ಹಾಳು ಮಾಡದೆ ಇದ್ದಿದ್ರೆ ನೀನು ನೋಡಿಕೊಳ್ತಿದ್ದೆ. ಹಾಗೆ ನೋಡಿದ್ರೆ ತಪ್ಪು ನಂದು."

ಸುಮಿತ್ರಾ ತಾಯಿಯನ್ನು ಒಳಗೆ ಕರೆದುಕೊಂಡು ಹೋದಳು. ಹಾಗೆ ನೋಡುತ್ತ ಹೋದರೆ ಎಲ್ಲಿಗೆ ಮುಟ್ಟುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ.

ಮರುವಾರ ಅವಳು ದಾಮ್ಲೆಯವರ ಮುಂದೆ ಹೋಗಿ ಕೂತಳು. ಯಂತ್ರದ ಸಂಖ್ಯೆಯೂ ಬೇಡ, ಕಪಾಟಿನ ಸಂಖ್ಯೆಯೂ ಬೇಡ. ಪಾಠದ ಪಟ್ಟಿಯಲ್ಲಿರುವ ಪ್ರತಿ ಪುಸ್ತಕಕ್ಕೂ ನಾವೇ ಒಂದು ಸಣ್ಣ ಸಂಖ್ಯೆ ಇಡೋಣ. ಅದರ ಎಲ್ಲ ಪ್ರತಿಗಳೊಳಗೂ ಅದನ್ನು ಅಂಟಿಸೋಣ, ಯಂತ್ರದೊಳಗೆ ಪುಸ್ತಕದ ಹೆಸರಿನ ಜೊತೆಗೇ ಅದನ್ನೂ ಬರೆಸೋಣ. ಯಂತ್ರ ಬದಲಾಗಲಿ, ಕಪಾಟು ಬದಲಾಗಲಿ, ಹೆಸರಿನ ಹಾಗೆ ಅದು ಪುಸ್ತಕದ ಜೊತೆಯಲ್ಲೇ ಹೋಗಬೇಕು. ಪುಸ್ತಕವೇ ಇಲ್ಲವಾದರೂ ಆ ಸಂಖ್ಯೆಯನ್ನು ಇನ್ನೊಂದಕ್ಕೆ ಕೊಡಬಾರದು. ವರ್ಷಕ್ಕೆರಡು ಸಲ ಕೂತು ಎಲ್ಲವನ್ನೂ ಒತ್ತಿ ನೋಡಬೇಕು.

"ಯಾರು ಮಾಡ್ತಾರೆ ಬಾಯಿ ಇಷ್ಟೆಲ್ಲ?" ಎಂದರು ದಾಮ್ಲೆ.

"ನಾನು."

ಅವರು ಸಹಿ ಹಾಕಿದರು. ಅದಾದ ಸ್ವಲ್ಪ ದಿನಕ್ಕೆ ನಿವೃತ್ತರೂ ಆದರು. ಸುಮಿತ್ರಾ ತಿಂಗಳುಗಟ್ಟಲೆ ಕಪಾಟುಗಳ ನಡುವೆ ಅಂಟಿನ ಬಟ್ಟಲು ಹಿಡಿದು ಓಡಾಡಿದಳು. ಮುರಿಗೆಪ್ಪ ಒಂದು ದಿನ ತಾನಾಗಿ ಬಂದು ಏಣಿ ಹಿಡಿದ. ಮೇಲಿನ ಸಾಲಿನ ಪುಸ್ತಕಗಳನ್ನು ಇಳಿಸಿ ಕೊಡುತ್ತ, ಮಗಳ ಮದುವೆ ಗೊತ್ತಾಗಿದೆ ಎಂದು ಹೇಳಿದ. ಆ ಶನಿವಾರದ ಬೈಗುಳದ ನಂತರ ಅವನು ತನ್ನ ಮನೆಯ ಸುದ್ದಿ ಹೇಳಿದ್ದು ಅದೇ ಮೊದಲು.

ತೊಂಬತ್ತೆರಡರ ಬೇಸಿಗೆಯಲ್ಲಿ ಮತ್ತೆ ಯಂತ್ರ ಬದಲಾಯಿತು. ಸಾಗಿಸಿದ ಮರುದಿನವೇ ಸುಮಿತ್ರಾ ಹೋಗಿ ಕೂತು ಪಟ್ಟಿಯ ಸಂಖ್ಯೆಗಳನ್ನು ಮೊದಲಿನಿಂದ ಕೊನೆಯವರೆಗೆ ಒತ್ತಿದಳು. ಒಂದೂ ತಪ್ಪಿರಲಿಲ್ಲ. ಯಂತ್ರದವನು "ಕಮಾಲ್ ಹೈ ಮೇಡಂ" ಎಂದ. ಸಂತೋಷವಾಗಬೇಕಿತ್ತು. ಒಂದು ದೊಡ್ಡ ಆಯಾಸವಷ್ಟೇ ಆಯಿತು.

ಆ ಮಳೆಗಾಲದಿಂದ ಕಾಂದಿವಲಿಯಲ್ಲಿ ಕೇಳಿದ ಪುಸ್ತಕ ಕೇಳಿದವರಿಗೆ ಬರತೊಡಗಿತು. ಬಂದವರು ಹೆಚ್ಚಿನಂಶ ಹೊಸಬರು. ಹಿಂದೆ ಹೇಗಿತ್ತೆಂದು ಅವರಿಗೆ ಗೊತ್ತಿಲ್ಲ. ಪುಸ್ತಕ ತೆಗೆದುಕೊಂಡು, ಸಹಿ ಹಾಕಿ, ಲೋಕಲ್ ತಪ್ಪೀತೆಂದು ಓಡುತ್ತಿದ್ದರು.

ಆಗಸ್ಟಿನ ಒಂದು ಶನಿವಾರ ಕೆಲಸ ಮುಗಿಸಿ ಸ್ಟೇಷನ್ನಿಗೆ ಬಂದಾಗ ಸುಮಿತ್ರಾ ನಜಮುನ್ನೀಸಾಳನ್ನು ಕಂಡಳು. ಪ್ಲಾಟ್‌ಫಾರಮಿನ ಮೇಲೆ ಬಟ್ಟೆಯ ದೊಡ್ಡ ಗಂಟೊಂದನ್ನು ಕಾಲ ಹತ್ತಿರ ಇಟ್ಟುಕೊಂಡು ನಿಂತಿದ್ದಳು. ಕೆಲಸ ಮುಗಿದ ಷರ್ಟುಗಳನ್ನು ಗೋರೆಗಾಂವಿನ ಗುತ್ತಿಗೆದಾರನಿಗೆ ಮುಟ್ಟಿಸಲು ಹೊರಟಿದ್ದಳಂತೆ. ತಾಜಬಿ ಹೋಳಿಯ ಆಸುಪಾಸಿನಲ್ಲಿ ತೀರಿಕೊಂಡರಂತೆ. ಮಗಳು ಈಗ ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಹೋಗುತ್ತಾಳಂತೆ, ಆದರೆ ಮನೆಯಲ್ಲಿ ಹಿಂದಿಯೇ ಮಾತಾಡುತ್ತಾಳಂತೆ.

"ಹಾಗಾದ್ರೆ ಈಗ ನೀವು…" ಎಂದು ಸುಮಿತ್ರಾ ಶುರುಮಾಡಿದಳು.

"ಇಲ್ರಿ ಅಕ್ಕೋರ. ಈಗ ಅದರಾಗ ಮನಸ್ಸಿಲ್ಲ" ಎಂದಳು ನಜಮುನ್ನೀಸಾ. ಗಾಡಿ ಬರುವ ಕಡೆ ಒಮ್ಮೆ ನೋಡಿ, "ಈಗ ಪುಸ್ತಕ ಸರಿ ಬರ್ತಾವೇನ್ರಿ?" ಎಂದು ಕೇಳಿದಳು.

"ಬರ್ತವೆ."

"ಎಲ್ಲಾರಿಗೂ?"

"ಎಲ್ಲರಿಗೂ."

"ಚಲೋ ಆತು ಬಿಡ್ರಿ."

ಗಾಡಿ ಬಂತು. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಜನ ತುಂಬಿಕೊಂಡಿದ್ದರು. ನಜಮುನ್ನೀಸಾ ಗಂಟನ್ನು ಎತ್ತಿ ಸೊಂಟಕ್ಕಾನಿಸಿಕೊಂಡು, ಯಾರನ್ನೋ ಹಿಂದಿಯಲ್ಲಿ ಗದರಿಸಿ ಜಾಗ ಮಾಡಿಸಿಕೊಂಡು ಹತ್ತಿದಳು. ಹತ್ತಿದವಳು ತಿರುಗಿ ನೋಡಲು ಅಲ್ಲಿ ಆಸ್ಪದವಿರಲಿಲ್ಲ. ಅದೇ ಗಾಡಿ ಸುಮಿತ್ರಾಳಿಗೂ ಆಗುತ್ತಿತ್ತು. ಅವಳು ಹತ್ತಲಿಲ್ಲ. ಗಾಡಿ ಹೊರಟುಹೋದ ಮೇಲೆ ಬೆಂಚಿನ ಮೇಲೆ ಒದ್ದೆಯಿಲ್ಲದ ಒಂದು ಜಾಗ ನೋಡಿ ಕೂತಳು. ಚೆಂಬೂರಿನಲ್ಲಿ ಅಮ್ಮ ಕಾಯುತ್ತಿರುತ್ತಾರೆ ಎಂದು ಗೊತ್ತಿದ್ದರೂ, ಇನ್ನೂ ಎರಡು ಗಾಡಿಗಳನ್ನು ಹೋಗಗೊಟ್ಟಳು.